ಖರ್ಜೂರದ ಗರಿಗಳ ಕೆಳಗೆ

ನಫೀಸಕ್ಕ, ಆ ದಿನ ನಾನು ನೋಡಿರಲಿಲ್ಲ. ನೋಡಿದೆ ಅಂದದ್ದು ಸುಳ್ಳು. ವರ್ಷಗಳಾದವು — ಗೋಡೆಯಾಚೆ ನೀವು, ಈಚೆ ನಾನು, ನಡುವೆ ಈ ಸುಳ್ಳು.

ಗಲ್ಫಿನ ಈ ಊರಲ್ಲಿ, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಈ ವಿಲ್ಲಾವನ್ನು ಎರಡು ಪಾಲು ಮಾಡಿ ನಮಗೂ ನಿಮಗೂ ಬಾಡಿಗೆಗೆ ಕೊಟ್ಟಿದ್ದರೂ ಅಂಗಳ ಒಂದೇ. ಅದರ ಮೂಲೆಯಲ್ಲಿದ್ದ ಖರ್ಜೂರದ ಒಣಗರಿಗಳ ರಾಶಿಯಲ್ಲಿ ಒಂದು ಮುಳ್ಳಿಲಿ ಮರಿ ಹಾಕಿತ್ತು. ಬಾಣಂತಿ ಎನ್ನುತ್ತಾ ನೀವು ಸಂಜೆ ಅದಕ್ಕೆ ನೀರಿಡುತ್ತಿದ್ದಿರಿ. ಅಂಗಳ ಖಾಲಿ ಮಾಡಿಸಲು ಮಾಲೀಕರು ಮಣ್ಣೆತ್ತುವ ಬಾಬ್‌ಕ್ಯಾಟ್ ಯಂತ್ರ ಕಳಿಸಿದ ಶುಕ್ರವಾರ, ಪತ್ತಿರ್ ರೊಟ್ಟಿಗೆ ಅಕ್ಕಿಹಿಟ್ಟು ನಾದುತ್ತಿದ್ದ ನೀವು ಹಾಗೆಯೇ ನನ್ನ ಬಾಗಿಲಿಗೆ ಬಂದಿರಿ.

“ನನ್ನ ಕೈಯೆಲ್ಲ ಹಿಟ್ಟು ಮಾರಾಯ್ತಿ. ಗರಿ ಎತ್ತುವ ಮೊದಲು ನೀನೊಮ್ಮೆ ಒಳಗೆ ನೋಡು. ಅದು ಓಡುವುದಿಲ್ಲ, ಹೆದರಿದರೆ ಉಂಡೆಯಾಗಿ ಅಲ್ಲೇ ಕೂತುಬಿಡ್ತದೆ.”

ಹೊರಗೆ ಬಂದೆ. ಕಣ್ಣು ಕುಕ್ಕುವ ಬಿಸಿಲು, ಗರಿಯ ಮುಳ್ಳು, ಚೇಳಿನ ಭಯ — ಇಲ್ಲ, ಅದನ್ನೆಲ್ಲ ಹೇಳುವುದಿಲ್ಲ. ವೆಸ್ಟ್ ಬೇಯ ಆಫೀಸಿನಲ್ಲಿ ಬೇರೆಯವರ ಕೆಲಸ ಸರಿಯಿದೆಯೇ ಎಂದು ನೋಡುವುದೇ ನನ್ನ ಉದ್ಯೋಗ. ಆದರೂ ಅಂದು, ನೋಡಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಗೋಡೆಯ ನೆರಳಲ್ಲಿ ನಿಂತೆ, ಅಷ್ಟೆ. ಒಳಗೇನಾದರೂ ಇದೆಯೇ ಎಂದು ಚಾಲಕ ಹಿಂದಿಯಲ್ಲಿ ಕೇಳಿದ.

“ಮಾಫಿ. ಯಲ್ಲಾ,” ಅಂದೆ. ಅರಬಿಯಲ್ಲಿ — ಏನೂ ಇಲ್ಲ, ಶುರು ಮಾಡು. ನಿಮ್ಮ ಅಡುಗೆಮನೆಯ ಕಿಟಕಿಗೂ ಖಾಲಿ ಎಂದು ಕೈಯಾಡಿಸಿದೆ.

ಮುಂದಿನದು ಈಗಲೂ ಕಣ್ಣೆದುರು ನಡೆಯುತ್ತಲೇ ಇದೆ. ಯಂತ್ರದ ಕಬ್ಬಿಣದ ಬಕೆಟ್ ಗರಿಗಳನ್ನು ಎತ್ತಿತು. ಕೆಳಗೆ ಉಂಡೆಯಾದ ತಾಯಿ, ಅದಕ್ಕೆ ಅಂಟಿಕೊಂಡ ಮರಿಗಳು. ನೀವು ಓಡಿಬಂದು ಬಗ್ಗಿದಿರಿ. ಎತ್ತಿದ ಗರಿಗಳ ಮರೆಯಲ್ಲಿ ಚಾಲಕನಿಗೆ ನೀವು ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಕೂಗಿದೆನೋ, ಬಾಯಿ ಬರೀ ತೆರೆದುಕೊಂಡಿತ್ತೋ... ಬಕೆಟ್ ಇಳಿಯಿತು. ನಿಮ್ಮ ತಲೆಯಿಂದ ಗೇಣು ದೂರದಲ್ಲಿ — ಬಲಗೈಯ ಮೇಲೆ. ಆ ಕೈಯಲ್ಲಿ ಹಿಟ್ಟು ಇನ್ನೂ ಒಣಗಿರಲಿಲ್ಲ.

ತಾಯಿ ಅಲ್ಲೇ ಸತ್ತಿತು. ಇನ್ನೊಂದು ಕೈಯಲ್ಲಿ ನೀವು ಎದೆಗೆ ಒತ್ತಿಕೊಂಡ ಮರಿಗಳೂ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ನಿಮ್ಮ ಯಜಮಾನರು, ಅಶ್ರಫಣ್ಣ, ಎಲ್ಲರೆದುರು ಕೇಳಿದರು: “ಒಂದು ಇಲಿಗೋಸ್ಕರ ಮೆಷಿನಿನ ಅಡಿಗೆ ಹೋಗುವುದಾ? ಬುದ್ಧಿ ಉಂಟಾ ನಿನಗೆ?”

ನೀವು ತಲೆ ತಗ್ಗಿಸಿದಿರಿ. ನೀರಿನ ಬಾಟಲಿ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ಹೇಳಬಹುದಿತ್ತು. ಅಷ್ಟರಲ್ಲಿ ನೀವೇ ನನ್ನತ್ತ ತಿರುಗಿದಿರಿ. “ನೀನು ನೋಡಿ ಆದ ಮೇಲೆ ಅದು ಪುನಃ ಒಳಗೆ ಹೋಗಿರಬೇಕು. ಬೇಜಾರು ಮಾಡ್ಬೇಡ.”

ನಾನು ಹೌದೆಂದು ತಲೆಯಾಡಿಸಿದೆ.

ಅಶ್ರಫಣ್ಣ ಈಗಲೂ ನೆಂಟರ ಮುಂದೆ ಆ ಮಾತೆತ್ತಿ ನಗುತ್ತಾರೆ, ಗೋಡೆಯಾಚೆಯಿಂದ ನನಗೆ ಕೇಳಿಸುತ್ತದೆ.

ನಿನ್ನೆ ನೀವು ಕಳಿಸಿದ ಪತ್ತಿರ್‌ನ ಒಂದು ಅಂಚು ಎಂದಿನಂತೆ ದಪ್ಪ — ಆ ದಿನದಿಂದ ಮಡಚಲಾಗದ ನಿಮ್ಮ ಎರಡು ಬೆರಳು ಒತ್ತದೆ ಬಿಟ್ಟ ಕಡೆ. ನಿಮ್ಮ ತಟ್ಟೆಯನ್ನು ನಾನು ಯಾವತ್ತೂ ಬರಿದಾಗಿ ಹಿಂತಿರುಗಿಸಿದವಳಲ್ಲ. ಒಂದಿಷ್ಟು ಪಾಯಸವೋ ಬಾಳೆಹಣ್ಣೋ ಇಟ್ಟು, ನಗುತ್ತಾ ಕೊಟ್ಟು ಬರುತ್ತಿದ್ದೆ. ಇವತ್ತು ಬರೀ ತಟ್ಟೆ ತರುತ್ತೇನೆ. ಅಶ್ರಫಣ್ಣನೂ ಕೇಳಿಸಿಕೊಳ್ಳಲಿ ಎಂದು, ಅವರು ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ.