ಅತ್ತೆ ಮೊದಲು ಸತ್ತದ್ದಕ್ಕೆ ಪುರಾವೆ

ಬದುಕಿರುವವರ ಮಾತನ್ನು ನಂಬದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸತ್ತವರು ಸತ್ತಿದ್ದಾರೆ ಎಂಬುದನ್ನೂ ನಂಬದವರನ್ನು ನೋಡಿದ್ದು ಮಾತ್ರ ಮನೆ ಕೊಳ್ಳಲು ಹೊರಟ ಮೇಲೆ. ಅವರಿಗೆ ಬ್ಯಾಂಕಿನ ಪ್ಯಾನೆಲ್ ವಕೀಲರು ಎಂದು ಹೆಸರು. ನೀವು ಸಾಲಕ್ಕೆ ಅರ್ಜಿ ಹಾಕಿದ ಕೂಡಲೇ ಬ್ಯಾಂಕು ಮನೆಯ ಕಾಗದಪತ್ರಗಳನ್ನೆಲ್ಲ ಇವರ ಮೇಜಿನ ಮೇಲಿಡುತ್ತದೆ. ಮಾರುವವರಿಗೆ ಮಾರುವ ಹಕ್ಕಿದೆಯೋ ಇಲ್ಲವೋ ಎಂದು ಇವರು ಓದಿ ನೋಡಿ ಬ್ಯಾಂಕಿಗೆ ಅಭಿಪ್ರಾಯ ಬರೆದು ಕೊಡಬೇಕು. ವಕೀಲರನ್ನು ಆರಿಸುವುದು ಬ್ಯಾಂಕು, ಫೀಸು ಕೊಡುವುದು ನೀವು, ಆದರೆ ಬರೆದದ್ದನ್ನು ನಿಮಗೆ ತೋರಿಸುವುದಿಲ್ಲ. ಮದುವೆಯ ಖರ್ಚೆಲ್ಲ ಹೊತ್ತವರನ್ನು ಊಟದ ಪಂಕ್ತಿಯಿಂದ ಎಬ್ಬಿಸಿ ಕಳಿಸಿದ ಹಾಗೆ. ಇದನ್ನು ಅನ್ಯಾಯ ಎಂದು ನಾನು ಹೇಳಿದರೆ ಎಲ್ಲರೂ ನನ್ನನ್ನೇ ಪಾಪ ಎಂಬಂತೆ ನೋಡುತ್ತಾರೆ.

ನನಗೆ ಮನೆ ಬೇಕಾಗಿದ್ದುದು ಅಮ್ಮನ ಮಂಡಿಗಾಗಿ. ತ್ರಿಪ್ಲಿಕೇನಿನಲ್ಲಿ ನಾವಿದ್ದ ಬಾಡಿಗೆಮನೆ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಮೈಸೂರಿನಲ್ಲಿದ್ದಾಗ ಸಂಜೆಯಾದರೆ ನಾಲ್ಕು ಬೀದಿ ಸುತ್ತಿ ಹತ್ತು ಜನರನ್ನು ಮಾತಾಡಿಸಿ ಬರುತ್ತಿದ್ದ ಹೆಂಗಸು, ಇಲ್ಲಿ ಇಳಿದರೆ ಹತ್ತುವುದು ಹೇಗೆಂಬ ಭಯಕ್ಕೆ ಇಳಿಯುವುದನ್ನೇ ಬಿಟ್ಟಳು. ಬುಟ್ಟಿಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಕೆಳಗಿಳಿಸಿ ತರಕಾರಿ ಕೊಳ್ಳುತ್ತಿದ್ದಳು. ಸಮುದ್ರ ಕೂಗಳತೆಯಲ್ಲಿತ್ತು, ಅವಳ ಪಾಲಿಗೆ ಇರಲಿಲ್ಲ. ಅವಳನ್ನು ಹಾಗೆ ನೋಡಿ ನನಗೆ ಬಹಳ ದುಃಖವಾಗುತ್ತಿತ್ತು.

ಅಷ್ಟರಲ್ಲಿ ಗಿರಿಜಮ್ಮ ಬೆಸೆಂಟ್ ನಗರದ ನೆಲಮಹಡಿಯ ತಮ್ಮ ಫ್ಲ್ಯಾಟನ್ನು ಮಾರುತ್ತಾರೆಂದು ತಿಳಿಯಿತು. ಕುಂದಾಪುರದ ಕಡೆಯವರು. ಅವರ ಯಜಮಾನರು ತ್ರಿಪ್ಲಿಕೇನಿನಲ್ಲಿ ಹೋಟೆಲು ನಡೆಸುತ್ತಿದ್ದರು, ಅವರು ತೀರಿಕೊಂಡು ಬಹಳ ವರ್ಷವಾಗಿದೆ. ಗಿರಿಜಮ್ಮ ಈಗ ಕೊಯಮತ್ತೂರಿನಲ್ಲಿರುವ ಮಗಳ ಜೊತೆ ಇರಲು ಉತ್ಸಾಹದಿಂದ ಹೊರಟಿದ್ದರು. ಸಾಲದ ಗೊಡವೆಯಿಲ್ಲದೆ ನಾಳೆಯೇ ಕೊಳ್ಳುತ್ತೇನೆನ್ನುವ ಗಿರಾಕಿಯೊಬ್ಬ ಅವರ ಗೇಟಿನಲ್ಲಿ ನಿಂತಿದ್ದ. ಆದರೂ ಅವರು, "ಅವನಿಗೆ ಮನೆ ಎಲ್ಲಾದ್ರೂ ಸಿಗ್ತದೆ. ನಿಮ್ಮ ತಾಯಿಯ ಕಾಲಿಗೆ ಇದೇ ಸರಿ. ತಿಂಗಳ ಕೊನೆ ತನಕ ಕಾಯ್ತೇನೆ, ಸೀಕ್ರಂ ಮುಗಿಸಿ ಆಯ್ತಾ" ಎಂದರು.

ಬೇಗ ಮುಗಿಸುವುದು ವಕೀಲರ ಜಾಯಮಾನಕ್ಕೆ ಒಗ್ಗುವ ಮಾತಲ್ಲ. ನುಂಗಂಬಾಕ್ಕಂನಲ್ಲಿ ಅವರ ಆಫೀಸು. ಮೂಲ ಹಾಸನವಂತೆ, ಹುಟ್ಟಿ ಬೆಳೆದದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವರು, ತಮಿಳಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ. ಮೊದಲ ದಿನವೇ ಅವರು ಒಂದು ಕಾಗದದ ಮೇಲೆ ಬೆರಳಿಟ್ಟರು. ಫ್ಲ್ಯಾಟು ಗಿರಿಜಮ್ಮನ ಯಜಮಾನರ ಹೆಸರಿನಲ್ಲಿತ್ತು, ಅವರು ತೀರಿಕೊಂಡಾಗ ತಹಸೀಲ್ದಾರರು ಕೊಟ್ಟ ವಾರಸುದಾರರ ಸರ್ಟಿಫಿಕೇಟು ಅದು. ಹೆಂಡತಿ ಗಿರಿಜಮ್ಮ, ಮಗಳು ಇಂಥವಳು ಎಂದೆಲ್ಲ ಬರೆದು, ತಾಯಿ ಎಂಬ ಕಡೆ ಒಂದು ಅಡ್ಡಗೆರೆ ಎಳೆದಿದ್ದರು.

"ಇಂದ ಕೋಡುಕ್ಕು ಎನ್ನ ಅರ್ಥಂ ಸಾರ್?" ಎಂದರು ವಕೀಲರು. ಈ ಗೆರೆಗೆ ಏನರ್ಥ ಅಂತ.

ಕಾನೂನೇನೋ ಸರಿಯಾಗಿಯೇ ಇದೆ, ಅದರ ಮೇಲೆ ನನ್ನ ತಕರಾರಿಲ್ಲ. ವಿಲ್ ಬರೆಯದೆ ಮಗ ಸತ್ತಾಗ ತಾಯಿ ಬದುಕಿದ್ದರೆ ಅವಳಿಗೂ ಒಂದು ಪಾಲು. ಆಮೇಲೆ ಅವಳೂ ಹೋದರೆ ಆ ಪಾಲು ಅವಳ ಉಳಿದ ಮಕ್ಕಳಿಗೂ ಹಂಚಿಹೋಗುತ್ತದೆ. ಆದ್ದರಿಂದ ಗಿರಿಜಮ್ಮನ ಅತ್ತೆ ತಮ್ಮ ಮಗನಿಗಿಂತ ಮೊದಲೇ ಸತ್ತಿದ್ದರು ಎಂಬುದಕ್ಕೆ ಪುರಾವೆ ಬೇಕು. ಸಿಟ್ಟು ಬರುವುದು ಇದರ ಮುಂದಿನದಕ್ಕೆ.

ಗಿರಿಜಮ್ಮನನ್ನೇ ಕರೆದುಕೊಂಡು ಹೋಗಿ ವಕೀಲರ ಎದುರು ಕೂರಿಸಿದೆ. ವಕೀಲರ ಪ್ರಶ್ನೆ ಕೇಳಿ ಅವರು ದಂಗಾದರು.

"ಎಂತ ಮಾತಾಡ್ತೀರಿ ನೀವು? ಅತ್ತೆ ಹೋಗಿ ಎಷ್ಟೋ ವರ್ಷ ಕಳೆದ ಮೇಲೆ ಇವರು ಹೋದದ್ದು. ಅತ್ತೆ ಇರುವಷ್ಟು ದಿನ ನಾನು ಅವರ ಮಗನ ಎದುರು ಕುರ್ಚಿಯಲ್ಲಿ ಕೂತವಳಲ್ಲ. ಅವರು ಹೋದ ಮೇಲೆ ಹೋಟೆಲಿನ ಗಲ್ಲಾದಲ್ಲಿ ಇವರ ಪಕ್ಕವೇ ಕೂತೆ. ಕೂತದ್ದನ್ನು ಅರ್ಧ ತ್ರಿಪ್ಲಿಕೇನು ನೋಡಿದೆ!"

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವ ಕೋರ್ಟಿನಲ್ಲಿ ಸಿಕ್ಕೀತು? ವಕೀಲರು ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ. ಮಾರುವವರ ಮಾತು ಲೆಕ್ಕಕ್ಕಿಲ್ಲವಂತೆ. ಮರಣದ ಸರ್ಟಿಫಿಕೇಟು ಬೇಕಂತೆ. ಆ ಕಾಲದಲ್ಲಿ ಹಳ್ಳಿಯ ಮನೆಯಲ್ಲಿ ಕಣ್ಣು ಮುಚ್ಚಿದವರನ್ನು ಯಾರು ಹೋಗಿ ಬರೆಸುತ್ತಿದ್ದರು? ಬರೆಸಿಲ್ಲ ಎಂದೆವು. ಹಾಗಾದರೆ ಬರೆಸಿಲ್ಲವೆಂಬುದಕ್ಕೆ ಒಂದು ಸರ್ಟಿಫಿಕೇಟು ತನ್ನಿ ಎಂದರು. ಗಿರಿಜಮ್ಮ ಊರಿನ ಪರಿಚಯದವರನ್ನು ಹಿಡಿದು ಅದನ್ನೂ ತರಿಸಿದರು. ವಕೀಲರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಬರೆಸಿಲ್ಲ ಅಂತಿದೆಯೇ ಹೊರತು ಸತ್ತರು ಅಂತ ಎಲ್ಲಿದೆ ಎಂದರು. ನನಗೆ ಅವರ ತಲೆಯ ಮೇಲೆ ಆ ಕಾಗದವನ್ನೇ ಅಂಟಿಸೋಣ ಅನ್ನಿಸಿತು.

ಬ್ಯಾಂಕಿಗೆ ಫೋನು ಮಾಡಿದೆ. "ಲೀಗಲ್ ಒಪೀನಿಯನ್ ಸಾರ್, ನಾವು ತಲೆ ಹಾಕೋ ಹಾಗಿಲ್ಲ" ಎಂದರು. ವಕೀಲರನ್ನು ಕೇಳಿದರೆ, "ಬ್ಯಾಂಕ್ ರಿಕ್ವೈರ್‌ಮೆಂಟ್ ಸಾರ್, ನಾನ್ ಎನ್ನ ಪಣ್ರದು?" ಎಂದು ಎರಡೂ ಕೈ ಚೆಲ್ಲಿದರು. ತಮ್ಮ ಕೈಯಲ್ಲೇನಿದೆ ಎಂಬ ಭಾವ. ಇವರು ಅವರ ಕಡೆಗೆ ಬೊಟ್ಟು ಮಾಡುತ್ತಾರೆ, ಅವರು ಇವರ ಕಡೆಗೆ. ನಡುವೆ ನಿಂತವನು ಎರಡೂ ಕಡೆ ನಮಸ್ಕಾರ ಹಾಕುತ್ತಿರಬೇಕು.

ನಮ್ಮ ಹಳೆಯ ಶಾಸನಗಳನ್ನು ನೋಡಿ. ಭೂಮಿ ಕೊಟ್ಟ ರಾಜ ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿಸುತ್ತಿದ್ದ, ಅವರು ಇರುವ ತನಕ ಈ ದಾನ ನಡೆಯಲಿ ಎಂದು. ತಪ್ಪಿ ನಡೆದವನಿಗೆ ಯಾವ ಯಾವ ನರಕ ಎಂಬುದನ್ನೂ ಕೊನೆಯಲ್ಲಿ ಕೊರೆಸುತ್ತಿದ್ದ. ಮುಗಿಯಿತು, ಭೂಮಿ ದಾನ ಪಡೆದವನದಾಯಿತು. ನಮ್ಮ ವಕೀಲರ ಕೈಗೆ ಅಂಥ ಕಲ್ಲೊಂದು ಸಿಕ್ಕಿದ್ದರೆ ಸೂರ್ಯಚಂದ್ರರ ವಿಳಾಸಕ್ಕೆ ದಾಖಲೆ ಕೇಳುತ್ತಿದ್ದರು. ಚಂದ್ರನ ಮೇಲಂತೂ ಅವರಿಗೆ ಗುಮಾನಿಯೇ, ಅಮಾವಾಸ್ಯೆಯ ದಿನ ಎಲ್ಲಿದ್ದ ಎಂಬುದಕ್ಕೆ ಅಫಿಡವಿಟ್ಟು ಬೇಕಾಗುತ್ತಿತ್ತು.

ತಿಂಗಳು ಮುಗಿಯುತ್ತ ಬಂತು. ಗೇಟಿನ ಗಿರಾಕಿ ಗಿರಿಜಮ್ಮನಿಗೆ ದಿನಕ್ಕೊಮ್ಮೆ ಫೋನು ಮಾಡತೊಡಗಿದ. ನನ್ನ ಮುಖ ನೋಡಿ ವಕೀಲರಿಗೂ ಕನಿಕರ ಬಂದಿರಬೇಕು, ಒಂದು ದಾರಿ ಹೇಳಿದರು. ಸಂಬಂಧಿಕರಲ್ಲದ ಹಿರಿಯರೊಬ್ಬರು, ಆ ಅತ್ತೆಯನ್ನು ತಾನು ಖುದ್ದಾಗಿ ಬಲ್ಲೆ, ಆಕೆ ಮಗನಿಗಿಂತ ಮೊದಲು ಸತ್ತದ್ದೂ ಗೊತ್ತು ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ಸಾಕು. "ಉಂಗ ಅಮ್ಮಾ ಇರುಕ್ಕಾಂಗಲ್ಲ?" ಎಂದರು. ನಿಮ್ಮ ತಾಯಿಯೇ ಇದ್ದಾರಲ್ಲ ಅಂತ. ಅತ್ತೆಯ ಜೊತೆ ಒಂದೇ ಸೂರಿನಡಿ ಬದುಕಿದ ಸೊಸೆಯ ಮಾತು ನಡೆಯುವುದಿಲ್ಲ. ಆಕೆಯ ಹೆಸರನ್ನೇ ಕೇಳದ ಮೈಸೂರಿನ ಹೆಂಗಸಿನ ಸಹಿ ನಡೆಯುತ್ತದೆ. ಸತ್ಯವನ್ನು ಸೋಸಿ ತೆಗೆಯುವ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ಕಾಣೆ.

ಟೈಪ್ ಮಾಡಿದ ಕಾಗದವನ್ನು ಮನೆಗೆ ತಂದು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಈಯಮ್ಮನ್ನ ನಾನು ನೋಡೇ ಇಲ್ವಲ್ಲೋ."

"ಎಲ್ಲರೂ ಹೀಗೇ ಹಾಕ್ತಾರಂತಮ್ಮ. ಬರೀ ಒಂದು ಸಹಿ. ಇಲ್ದಿದ್ರೆ ಮನೆ ಕೈತಪ್ಪಿ ಹೋಗುತ್ತೆ."

"ಹೋದ್ರೆ ಹೋಗ್ಲಿ. ಗುರುತು ಪರಿಚಯ ಇಲ್ದೋರನ್ನ ನಾನು ಸಾಯಿಸಲ್ಲಪ್ಪ" ಎಂದು ಕಾಗದವನ್ನು ಪಕ್ಕಕ್ಕಿಟ್ಟು, ತರಕಾರಿಯವನ ಕೂಗು ಕೇಳಿ ಗೋಡೆ ಹಿಡಿದುಕೊಂಡು ಬಾಲ್ಕನಿಗೆ ಹೋದಳು.

ನನಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಈ ಇಡೀ ವ್ಯವಹಾರದಲ್ಲಿ ಆ ಮನೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವಳೊಬ್ಬಳೇ ಸುಳ್ಳು ಹೇಳುವುದಿಲ್ಲ ಎಂದವಳು. ನಡೆದದ್ದನ್ನು ಗಿರಿಜಮ್ಮನಿಗೆ ತಿಳಿಸಿ, ಮನೆಯನ್ನು ಆ ಗಿರಾಕಿಗೇ ಕೊಟ್ಟುಬಿಡಿ ಎಂದೆ. ಅವರು ಒಪ್ಪಲಿಲ್ಲ.

"ನಿಮ್ಮ ತಾಯಿ ಸುಳ್ಳು ಹೇಳುದು ಬೇಡ. ನಾನು ನನ್ನ ಮೈದುನನಿಗೆ ಫೋನು ಮಾಡ್ತೇನೆ" ಎಂದರು.

ಆ ಮಾತಿನ ಬೆಲೆ ನನಗೆ ಗೊತ್ತಿತ್ತು. ಹೋಟೆಲು ಪಾಲಾದಂದಿನಿಂದ ಮೈದುನನಿಗೂ ಅತ್ತಿಗೆಗೂ ಮಾತಿರಲಿಲ್ಲ. ಅತ್ತೆಗೆ ಉಳಿದಿದ್ದವನು ಅವನೊಬ್ಬನೇ ಮಗ. ಹಾಗೊಂದು ಪಾಲು ನಿಜಕ್ಕೂ ಇದ್ದಿದ್ದರೆ ಅದು ಹೋಗಬೇಕಾದದ್ದು ಅವನಿಗೇ. ಅವನು ಬಾಯಿ ಮುಚ್ಚಿಕೊಂಡು ಊರಿನಲ್ಲಿ ಕೂತರೂ ಸಾಕು, ನಮ್ಮ ಕಥೆ ಮುಗಿದ ಹಾಗೆ.

ಆ ಮೈದುನ ಬಂದರು. ಪಂಚೆ ಉಟ್ಟ, ತೆಳ್ಳಗಿನ ಮುದುಕರು. ವಕೀಲರ ಆಫೀಸಿನಲ್ಲಿ ಅತ್ತಿಗೆಯ ಕಡೆ ತಿರುಗಿ ನೋಡದೆ ನನ್ನನ್ನು ಕೇಳಿದರು.

"ಇವರಿಗೆ ಗೊತ್ತಾಗಬೇಕಾದ್ದು ಎಂತ?"

ಹೇಳಿದೆ. ಅವರು ಜೋರಾಗಿ ನಕ್ಕುಬಿಟ್ಟರು.

"ಅಮ್ಮನ ಚಿತೆಗೆ ಬೆಂಕಿ ಇಟ್ಟದ್ದೇ ನಮ್ಮಣ್ಣ ಮಾರಾಯ್ರೆ! ದೊಡ್ಡ ಮಗ ಅವನಲ್ವಾ? ಅವನು ಮೊದಲೇ ಸತ್ತಿದ್ರೆ ಬೆಂಕಿ ಇಡ್ಲಿಕ್ಕೆ ಎದ್ದು ಬಂದನಾ? ವರ್ಷ ವರ್ಷ ಅಮ್ಮನ ಶ್ರಾದ್ಧಕ್ಕೆ ಹೋಟೆಲು ಮುಚ್ಚುತ್ತಿದ್ದದ್ದೂ ಅವನೇ."

ಮೂಲ ಹಾಸನದ ವಕೀಲರಿಗೆ ಇದು ಅರ್ಥವಾಯಿತು, ಮುಖದಲ್ಲೇ ಕಂಡಿತು. ಆದರೆ ಬೆಂಕಿ ಇಟ್ಟವರು ಯಾರು ಎಂದು ಬರೆಯಲು ಬ್ಯಾಂಕಿನ ನಮೂನೆಯಲ್ಲಿ ಜಾಗವಿಲ್ಲ. ಆ ಮಾತನ್ನು ಅಲ್ಲಿಗೇ ಬಿಟ್ಟು, ಈ ಮನೆಯಲ್ಲಿ ತನಗೆ ಯಾವ ಹಕ್ಕೂ ಇಲ್ಲವೆಂದು ಅವರಿಂದ ಬರೆಸಿ ಸಹಿ ಹಾಕಿಸಿಕೊಂಡರು. ಮುದುಕರು ಮರುಮಾತಿಲ್ಲದೆ ಹಾಕಿದರು. ಲಿಫ್ಟಿನಲ್ಲಿ ಇಳಿಯುವಾಗ ಗೋಡೆಯ ಕಡೆ ನೋಡುತ್ತ, "ಅತ್ತಿಗೆ, ಬಿಪಿ ಮಾತ್ರೆ ಸರಿಯಾಗಿ ತಕೊಳ್ತೀರಲ್ಲ?" ಎಂದರು. ಗಿರಿಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಾಲ ಸಿಕ್ಕಿತು, ಮನೆ ನನ್ನ ಹೆಸರಿಗೆ ನೋಂದಣಿಯಾಯಿತು. ವಕೀಲರ ಅಭಿಪ್ರಾಯದ ಕೊನೆಯ ಪುಟವನ್ನು ಬ್ಯಾಂಕಿನವರೊಬ್ಬರು ದಯೆಯಿಟ್ಟು ತೋರಿಸಿದರು. ಮನೆಯ ಹಕ್ಕು ನಿಚ್ಚಳವಾಗಿದೆ ಎಂದು ಬರೆದು, ಅದರ ಕೆಳಗೇ, ತೋರಿಸಿದ ಕಾಗದಗಳನ್ನಷ್ಟೇ ನೋಡಿ ಹೇಳಿದ ಮಾತಿದು, ಮುಂದೇನಾದರೂ ಆದರೆ ತಾನು ಜವಾಬ್ದಾರನಲ್ಲ ಎಂದೂ ಸಣ್ಣಕ್ಷರದಲ್ಲಿ ಸೇರಿಸಿದ್ದರು. ಇಷ್ಟು ಜನರನ್ನು ಕುಣಿಸಿ ಕೊನೆಗೆ ಕೊಟ್ಟದ್ದು ಇದು.

ಅಮ್ಮ ಈಗ ಸಂಜೆ ತಾನೇ ಗೇಟು ತೆಗೆದುಕೊಂಡು ಹೊರಡುತ್ತಾಳೆ. ಸಮುದ್ರದ ತನಕ ನಡೆದು, ಕಟ್ಟೆಯ ಮೇಲೆ ಕೂತು, ಭಾಷೆ ಬಾರದವರ ಜೊತೆಗೂ ಮಾತಾಡಿ ಬರುತ್ತಾಳೆ. ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಅಲೆ ನೋಡುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ಅಲ್ವೋ, ಈ ಮನೆ ಕಾಗದದಲ್ಲೂ ನಿನ್ನ ತಾಯಿ ಇದ್ದಾಳಾ ಇಲ್ವಾ ಅಂತ ಮುಂದೆ ಕೇಳ್ತಾರಾ?"

"ಕೇಳಬಹುದಮ್ಮ. ಅದಕ್ಕೆಲ್ಲ ಈಗ್ಯಾಕೆ?"

"ನನ್ನ ಮಗನಿಗಿಂತ ಮುಂಚೆ ನನ್ನ ಕರ್ಕೊಂಬಿಡಪ್ಪ ಅಂತ ದಿನಾ ದೇವ್ರನ್ನ ಕೇಳ್ಕೋತೀನಿ, ನಡೆಸ್ಕೊಡ್ತಾನೆ. ನಾ ಸತ್ತ ದಿನಾನೇ ಹೋಗಿ ಬರೆಸ್ಬಿಡು ಕಣೋ. ಅಳೋದು ಆಮೇಲೆ ಇಟ್ಕೋ."