ಹಣೆಯ ಮೇಲೆ ಖಾಸಿಂ ಮಾಮಾ ಬರೆದದ್ದು

ಕೊಪ್ಪಳದ ದವಾಖಾನೆಯಲ್ಲಿ ಅಂಗಿಯ ತೋಳು ಮಡಚಿ ಕುಳಿತಿದ್ದೇನೆ. ನರ್ಸಮ್ಮ ಹತ್ತಿಗೆ ಸ್ಪಿರಿಟ್ ಸುರಿದದ್ದೇ ತಡ, ಆ ವಾಸನೆಯೊಳಗಿಂದ ಇರಕಲ್ಲಗಡದ ಖಾಸಿಂ ಮಾಮಾ ಎದ್ದು ಬಂದ. ಸೂಜಿ ಬರುವವರೆಗೆ ಅವನ ಸುದ್ದಿ ಹೇಳುತ್ತೇನೆ. ನೀವೂ ಜೊತೆಗಿರಿ, ಒಬ್ಬನೇ ಕೂರುವಷ್ಟು ಧೈರ್ಯ ನನಗಿಲ್ಲ.

ಮಾಮಾ ಮಿಲಿಟರಿಯಲ್ಲಿ ಗಾಯಾಳುಗಳ ನೋವಿಳಿಸುವ ಕೆಲಸ ಮಾಡಿ ಬಂದವನು. ಊರಲ್ಲಿ ಕಂಪೌಂಡರ್ ಆದ. ಯುದ್ಧ ಮುಗಿದ ಸುದ್ದಿಯನ್ನು ಅವನ ಕೈಗೆ ಮಾತ್ರ ಯಾರೂ ಮುಟ್ಟಿಸಿರಲಿಲ್ಲ. ನೋವಿನ ಇಂಜೆಕ್ಷನ್ ಕೊಟ್ಟವರ ಹಣೆಗೆಲ್ಲ ನೇರಳೆ ಬಣ್ಣದ ಗಾಯದ ಔಷಧಿಯಲ್ಲಿ ಇಂಗ್ಲಿಷಿನ ಎಮ್ ಬರೆದು, ಪಕ್ಕದಲ್ಲಿ ಚುಚ್ಚಿದ ಗಂಟೆ ಬರೆಯುತ್ತಿದ್ದ. ಮದುವೆಗೆ ಹೊರಟವರನ್ನೂ ಬಿಡುತ್ತಿರಲಿಲ್ಲ.

“ಗುಂಡು ಬಿದ್ದಾವಗ ನಾ ಒಂದು ಮಾರ್ಫಿನ್ ಚುಚ್ಚತೀನಿ. ಹಿಂದಿನ ಟೆಂಟಿಗೆ ಹೊತ್ಕೊಂಡು ಹೋದ್ರ ಅಲ್ಲಿ ಡಾಕ್ಟರ್ ಇನ್ನೊಂದು ಚುಚ್ಚತಾನ. ನೋವೂ ನಿಲ್ತೈತಿ, ಉಸಿರೂ ನಿಲ್ತೈತಿ. ಅದಕ್ಕ ಬರೀಬೇಕು, ಅಳಿಯಾ.”

“ಇಲ್ಲಿ ಯಾರು ಗುಂಡು ಹಾರಿಸ್ಯಾರ, ಮಾಮಾ?”

“ನಿನ್ನ ಬಾಯಿ ಸಾಲದೇನು?”

ನಾನು ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡ ದಿನ ಮಾಮಾ ಚುಚ್ಚಿದ, ಬರೆದ, ಟಂಟಂ ಗಾಡಿಯಲ್ಲಿ ಮಲಗಿಸಿದ. ಗಾಡಿ ಹೊರಡುವಾಗ ಓಡಿಬಂದು ಹತ್ತಿದ ಅವ್ವನಿಗೆ ಇದೇನೂ ಗೊತ್ತಿಲ್ಲ. ದಾರಿಯುದ್ದಕ್ಕೂ ದೇವರನ್ನು ಕರೆಯುತ್ತ, ಒದ್ದೆ ವಿಭೂತಿಯ ಅಂಗೈಯನ್ನು ನನ್ನ ಹಣೆಗೆ ಒತ್ತಿದಳು. ಎಮ್ ಹೋಯಿತು, ಗಂಟೆಯೂ ಹೋಯಿತು.

ಇರಕಲ್ಲಗಡದ ಹಣೆಗಳನ್ನು ಓದಿ ರೂಢಿಯಿದ್ದ ಕೊಪ್ಪಳದ ಡಾಕ್ಟರು ನನ್ನದನ್ನೂ ನೋಡಿದರು. ಬರೀ ವಿಭೂತಿ. ಸಿರಿಂಜ್ ತುಂಬಿಸಿದರು. “ಒಂದು ಆಗೇತ್ರಿ” ಎಂದು ಕೂಗಿದೆನೆಂದು ನನ್ನ ನೆನಪು. ಭಜನೆ ಹಾಡುತ್ತಿದ್ದೆ ಎನ್ನುತ್ತಾಳೆ ಅವ್ವ.

ಅವಳು ಕೈಮುಗಿಯಲು ಹೋದಳು: “ಭಾಳ ನೋವೈತ್ರೀ, ದೊಡ್ಡದ ಚುಚ್ಚರಿ.”

ಅಂಗೈಯಲ್ಲಿ ನೇರಳೆ ಬಣ್ಣದ ಎಮ್, ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತ ಗಂಟೆ. ಡಾಕ್ಟರ ಕೈ ಅಲ್ಲೇ ನಿಂತಿತು.

“ಖಾಸಿಂ ಚುಚ್ಚಿದ್ದು ಇವಗೋ, ನಿಮಗೋ, ಯವ್ವಾ?”

ಸಿರಿಂಜ್ ತಟ್ಟೆಗೆ ಹೋಯಿತು. ನಾನು ಉಳಿದೆ.

ಅಂಗೈಯಲ್ಲಿ ಅಕ್ಷರ ಅಷ್ಟು ಚೊಕ್ಕವಾಗಿ ಮೂಡೀತೇ ಎಂದು ಕೇಳಬೇಡಿ. ಬರೀ ಕಲೆಯಿತ್ತು ಎಂಬುದು ಅವ್ವನ ವಾದ. ನಾನೋ ಅಮಲಿನ ಸಾಕ್ಷಿ. ಎಲ್ಲವೂ ನೆನಪಿದೆ, ಕಾಲಿನ ನೋವೊಂದನ್ನು ಬಿಟ್ಟು.

“ನಿಮಗ ಇಂಜೆಕ್ಷನ್ ಆತೇನ್ರಿ?” ನರ್ಸಮ್ಮ ಎದುರಿಗೆ ನಿಂತಿದ್ದಾಳೆ, ಕೈಯಲ್ಲಿ ಸೂಜಿ. “ಗದ್ದಲದಾಗ ಮರ್ತೆ ನೋಡ್ರಿ.”

ತೋಳು ನೋಡಿಕೊಂಡೆ. ಸೊಳ್ಳೆ ಕಚ್ಚಿದ ಕೆಂಪು ಚುಕ್ಕೆಗಳು. ಯಾವುದು ಸೊಳ್ಳೆಯದೋ, ಯಾವುದು ಇವಳದೋ. ನಾನಂತೂ ಮಾತಿನಲ್ಲಿ ಮುಳುಗಿದ್ದೆ. ಇಷ್ಟು ಹೊತ್ತು ಪಕ್ಕದಲ್ಲೇ ಇದ್ದಿರಲ್ಲ, ನೀವಾದರೂ ಹೇಳಿ: ಚುಚ್ಚಿದಳೋ, ಇಲ್ಲವೋ?