ತುಂಗವ್ವನ ದನಿಗೊಂದು ಮೈಕು

ನನ್ನ ಸ್ವಂತ ದನಿಯನ್ನು ಧ್ವನಿವರ್ಧಕದಲ್ಲಿ ಮೊದಲ ಬಾರಿ ಕೇಳಿದ ದಿನ, ಮೂಗು ಕಟ್ಟಿದ ಯಾರೋ ಗುಮಾಸ್ತರು ನನಗಿಂತ ಮುಂಚೆ ಭಾಷಣ ಆರಂಭಿಸಿಬಿಟ್ಟರೆಂದು ಭಾವಿಸಿ, ಸೌಜನ್ಯಕ್ಕಾಗಿ ನಾನು ಒಂದು ಕ್ಷಣ ಸುಮ್ಮನಾಗಿದ್ದೆ. ಜಮಖಂಡಿಯ ಸಾಲೆಯ ಮಕ್ಕಳು ನಕ್ಕ ಮೇಲೆಯೇ ಆ ಗುಮಾಸ್ತ ನಾನೇ ಎಂಬ ಜ್ಞಾನೋದಯವಾದದ್ದು. ಅಂಗಿಯನ್ನು ಮೈಗೆ, ಕನ್ನಡಕವನ್ನು ಕಣ್ಣಿಗೆ ಅಳತೆ ನೋಡಿ ಕೊಳ್ಳುವ ನಾವು ಗಂಟಲಿಗೆ ಮಾತ್ರ ಸಿಕ್ಕ ಮೈಕನ್ನೇ ಒಡ್ಡುತ್ತೇವಲ್ಲ ಎಂದು ಅಂದು ಗೊಣಗಿಕೊಂಡಿದ್ದೆ. ಓದುಗ ಮಿತ್ರರೇ, ಅದು ಬರೀ ತಮಾಷೆಯ ಮಾತಲ್ಲವೆಂದು ನನಗೆ ತಿಳಿದದ್ದು ತುಂಗವ್ವನಿಂದ.

ನಮ್ಮ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲ. ಬೀಳಗಿಯ ತುಂಗವ್ವ ನಾಟಕದ ಹಾಡುಗಾರ್ತಿ. ಮೈಕೆಂಬುದೇ ಇಲ್ಲದ ರಂಗದ ಮೇಲೆ ಬೆಳೆದ ಕಂಠ ಅದು. ಮುಧೋಳದ ಬಯಲಿನಲ್ಲಿ ಆಕೆ ಹಾಡಿದರೆ, ದೂರದಲ್ಲಿ ಚಕ್ಕಡಿಯ ಮೇಲೆ ಕುಳಿತವರಿಗೂ ಒಂದಕ್ಷರ ತಪ್ಪದೆ ಮುಟ್ಟುತ್ತಿತ್ತು. ಗಂಡ ಈರಪ್ಪ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದ. ಒಂದು ಬೇಸಿಗೆಯಲ್ಲಿ ಆಕೆಯ ಗಂಟಲೊಳಗೆ ಗಂಟು ಕಾಣಿಸಿಕೊಂಡಿತು. ಕೊಯ್ದು ತೆಗೆಯದಿದ್ದರೆ ಜೀವಕ್ಕೇ ಅಪಾಯ, ತೆಗೆದರೆ ದನಿ ಉಳಿಯುವ ಭರವಸೆಯಿಲ್ಲ ಎಂದು ಮಿರಜಿನ ಡಾಕ್ಟರು ಹೇಳಿ ಕಳಿಸಿದರು. ಈರಪ್ಪ ನೇರವಾಗಿ ನನ್ನ ಮನೆಯ ಕಟ್ಟೆಗೆ ಬಂದ.

“ಮಾಸ್ತರ, ಆಕಿ ದನಿ ಎಲ್ಲ್ಯಾರ ಹಿಡದ ಇಡಾಕ ಬರತೈತೇನ್ರಿ?”

ನನ್ನ ಕಾಲೇಜಿನ ಗೆಳೆಯ ಕಾನಿಟಕರ ಮುಂಬಯಿಯ ಒಂದು ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಕೆಲಸದಲ್ಲಿದ್ದ. ನನ್ನ ಕಾಗದ ಕಂಡು, ತುಂಗವ್ವನಿಗೆ ಅಷ್ಟು ದೂರದ ಪ್ರಯಾಣ ಆಗದೆಂದು ಅವನೇ ಯಂತ್ರ, ಬ್ಯಾಟರಿಗಳ ಟ್ರಂಕುಗಳೊಡನೆ ನಮ್ಮಲ್ಲಿಗೆ ಬಂದಿಳಿದ; ಇಳಿದವನೇ ಊರೂರು ಸುತ್ತಿ, ಕೊನೆಗೆ ನೇಕಾರರ ಊರಾದ ಬನಹಟ್ಟಿಯ ನೂಲಿನ ಗೋದಾಮೊಂದನ್ನು ಆರಿಸಿದ. ಗೋಡೆಗುಂಟ ಪೇರಿಸಿದ ನೂಲಿನ ಗಂಟುಗಳು ಪ್ರತಿಧ್ವನಿಯನ್ನು ನುಂಗುತ್ತವೆ, ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಮುಂಬಯಿಯಲ್ಲೂ ಇಲ್ಲ ಎಂಬುದು ಅವನ ಸಿದ್ಧಾಂತ. ಧ್ವನಿಮುದ್ರಣದ ಮರುದಿನ ಬೆಳಿಗ್ಗೆಯ ಬಸ್ಸಿಗೇ ತುಂಗವ್ವ ಶಸ್ತ್ರಕ್ರಿಯೆಗೆಂದು ಮಿರಜಿಗೆ ಹೊರಡಬೇಕಾಗಿತ್ತು.

ಕಾನಿಟಕರ ಎರಡು ಮೈಕು ತಂದಿದ್ದ. ಒಂದು ಹಳೆಯದು, ಗಡುತರ. ಇನ್ನೊಂದು ಹೊಸದು, ಇರುವೆ ನಡೆದರೂ ಕೇಳಿಸಿಕೊಳ್ಳುವಂಥದು. ಯಾವುದು ಈ ಕಂಠಕ್ಕೆ ಒಗ್ಗುತ್ತದೆಂದು ಹಾಡಿಸಿಯೇ ನೋಡಬೇಕು. ಆದರೆ ಹಾಡಿಸಿದಷ್ಟೂ ಗಂಟಲು ಸವೆಯುತ್ತದೆ. ಎರಡೂ ಮೈಕಿಗೆ ಒಂದೆರಡು ಸಾಲು ಹಾಡುವಷ್ಟರಲ್ಲೇ ಆಕೆ ಕೆಮ್ಮತೊಡಗಿದಳು.

ಹಳೆಯ ಮೈಕಿನಲ್ಲಿ ಹಿಡಿದ ದನಿಯನ್ನು ಕಾನಿಟಕರ ಮೊದಲು ಕೇಳಿಸಿದ. ಬೆಣ್ಣೆಯಂತೆ ನುಣುಪಾಗಿತ್ತು. ಈರಪ್ಪನ ಕಣ್ಣು ತುಂಬಿತು. “ಮದವಿ ಆದಾಗ ಹಿಂಗಽ ಇತ್ರಿ,” ಎಂದ.

ತುಂಗವ್ವ ಹುಬ್ಬು ಗಂಟಿಕ್ಕಿ ಕೇಳಿದಳು. “ಈಕಿ ಯಾರ್ರಿ? ಛಲೋ ಹಾಡತಾಳ. ಖರೆ, ನಾ ಅಲ್ಲ.”

ಹೊಸದರಲ್ಲಿ ಹಿಡಿದದ್ದನ್ನು ಕೇಳಿಸಿದಾಗ ಗೋದಾಮಿನಲ್ಲಿ ಮರಳು ಸುರಿದಂತಾಯಿತು. ಪ್ರತಿ ಉಸಿರು, ಪ್ರತಿ ಒರಟು, ನುಂಗಿಕೊಂಡ ನೋವು ಎಲ್ಲವೂ ಬಯಲಾಯಿತು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಹಳೇದೇ ಇರ್ಲಿ ತುಂಗವ್ವಾ,” ಎಂದ ಕಾನಿಟಕರ. “ಕೇಳೋರಿಗೆ ಅದೇ ಹಿಡಸ್ತದ.” ರಸಿಕನೆಂದು ಹೆಸರಾದ ನಾನೂ ತಲೆಯಾಡಿಸಿದೆ.

ತುಂಗವ್ವ ಸೆರಗು ಸರಿಸಿದಳು. “ಹೊಸಾದು ಖರೇನ ಹೇಳತೈತ್ರಿ. ಆದ್ರ ಬಾಯಾಗ ಕಿವಿ ಇಟ್ಟು ಕೇಳತೈತಿ. ನಾ ಹಂಗ ಯಾರ ಕಿವ್ಯಾಗೂ ಹಾಡಿದಾಕಿ ಅಲ್ರಿ. ಅದನ್ನ ಒಯ್ದು ಅಲ್ಲಿ, ಕಡೀ ಸಾಲಿನ್ಯಾಗ ಕುಂದರಸ್ರಿ.” ಬೆರಳು ಗೋದಾಮಿನ ಆ ತುದಿಯ ನೂಲಿನ ಗಂಟುಗಳನ್ನು ತೋರುತ್ತಿತ್ತು.

ಕಾನಿಟಕರ ಆ ತುದಿಯನ್ನೂ ಆಕೆಯನ್ನೂ ಅಳೆದು ನೋಡಿದ. “ಆಗ್ತದ. ಆದ್ರ ಅಷ್ಟು ದೂರ ಇಟ್ರ ಓಣಿ ಎಲ್ಲಾ ಒಳಗ ಬರ್ತದ. ಈ ಮಗ್ಗ ನಿಲ್ಲಬೇಕು.”

ಬನಹಟ್ಟಿಯಲ್ಲಿ ಮಗ್ಗ ನಿಲ್ಲಿಸುವುದೆಂದರೆ ಹೊಳೆಗೆ ಹರಿಯಬೇಡವೆಂದು ಹೇಳಿದ ಹಾಗೆ. ಧೋತರದ ಚುಂಗು ಹಿಡಿದು ಮನೆಯಿಂದ ಮನೆಗೆ ಓಡಿದೆ. ಕೆಲವರು ನಿಲ್ಲಿಸಿದರು, ಕೆಲವರು ನಕ್ಕು ನಿಲ್ಲಿಸಿದರು. ಗೋದಾಮಿನ ಗೋಡೆಗೇ ಹತ್ತಿದ ಮನೆಯ ಕಾಡಪ್ಪ ಮಾತ್ರ ಲಾಳಿ ಬಿಡಲಿಲ್ಲ.

“ಮದವಿ ಸೀರಿ ಐತ್ರಿ ಮಾಸ್ತರ. ಬೀಗರು ಬಂದು ಪಡಸಾಲ್ಯಾಗ ಕುಂತಾರ. ಹಾಡು ನಾಳಿ ಹಾಡಸ್ರಿ.”

“ನಾಳೆ ಆಕೆ ಮಿರಜಿಗೆ ಹೊರಟಿದ್ದಾಳೆ ಕಾಡಪ್ಪ. ಗಂಟಲು ಕೊಯ್ಯುತ್ತಾರೆ. ಆಮೇಲೆ ಹಾಡುವುದಿಲ್ಲ.”

ಅವನ ಕೈ ಲಾಳಿಯ ಹಗ್ಗದ ಮೇಲೆಯೇ ನಿಂತಿತು. “ಯಾರ್ರಿ? ಬೀಳಗಿ ತುಂಗವ್ವೇನು?”

ಹೌದೆಂದೆ. ಅವನು ಮಗ್ಗದ ಕುಣಿಯಿಂದ ಮೇಲೆದ್ದು ಪಡಸಾಲೆಗೆ ಕೂಗಿದ: “ಏ ಬೀಗರ, ಬಾಯಿ ಮುಚ್ಚಿ ಕುಂದರ್ರಿ ಸ್ವಲ್ಪ!”

ಮಗ್ಗಗಳು ನಿಂತ ಓಣಿಯ ಮೌನವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಒಳಗೆ ಈರಪ್ಪ ಪೇಟಿ ಬಿಚ್ಚಿ ಕುಳಿತಿದ್ದ. ತುಂಗವ್ವ ಅವನ ಮಣಿಕಟ್ಟನ್ನು ಒಮ್ಮೆ ಅದುಮಿ ಬಿಟ್ಟು, ಎದ್ದು ನಿಂತು, ಆ ತುದಿಯಲ್ಲಿದ್ದ ಮೈಕನ್ನು ನೋಡುತ್ತ ಹಾಡತೊಡಗಿದಳು. ತವರಿನ ಹಾದಿ ನೆನೆಯುವ ಹಾಡು. ದನಿ ಗೋದಾಮನ್ನು ದಾಟಿ ಹೋಗುವಷ್ಟು ತುಂಬಿ ಬಂತು. ಒರಟು ಇತ್ತು, ಆದರೆ ದೂರದ ನಡಿಗೆಯಲ್ಲಿ ಅದು ಗಾಯವಾಗಿ ಉಳಿಯದೆ ಕಾವಾಗಿತ್ತು.

ಎತ್ತರದ ಸ್ವರಕ್ಕೆ ಬಂದಾಗ ದನಿ ಒಡೆಯಿತು. ಪೂರ್ತಿ ನಿಂತೇ ಹೋಯಿತು.

ಕಾನಿಟಕರನ ಕೈ ಯಂತ್ರದ ಗುಂಡಿಯತ್ತ ಸರಿಯಿತು. ತುಂಗವ್ವ ಅಂಗೈ ಎತ್ತಿ ತಡೆದಳು. ಈರಪ್ಪ ಒಂದೇ ಸ್ವರವನ್ನು ಹಿಡಿದು ಕುಳಿತ. ಅವನ ಕಾಲ ಮೇಲೆ ಬೆವರು ಹನಿಯುತ್ತಿತ್ತು. ಆಕೆ ಕಣ್ಣು ಮುಚ್ಚಿ ನುಂಗಿದಳು. ನೋವಿಗೆ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು. ಸಾಕು ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಆಕೆ ಅದೇ ಸಾಲನ್ನು ಕೆಳಗಿನಿಂದ, ಬಾವಿಯ ಪಾವಟಿಗೆ ಏರುವವಳಂತೆ ಒಂದೊಂದೇ ಸ್ವರ ಹತ್ತಿ, ತಪ್ಪಿಹೋಗಿದ್ದ ಎತ್ತರವನ್ನು ಮುಟ್ಟಿದಳು; ಮುಟ್ಟಿ, ಅಲ್ಲಿ ಸ್ವಲ್ಪ ಹೊತ್ತು ನಿಂತಳು.

ಹಾಡು ಮುಗಿದ ಮೇಲೂ ಓಣಿಯಲ್ಲಿ ಯಾವ ಮಗ್ಗವೂ ಕೂಡಲೆ ಶುರುವಾಗಲಿಲ್ಲ.

ಮಿರಜಿನಲ್ಲಿ ಜೀವ ಉಳಿಯಿತು. ದನಿ ಹೋಯಿತು, ಉಳಿದದ್ದು ಕಿವಿ ಹತ್ತಿರ ಒಯ್ದರೆ ಕೇಳುವಷ್ಟು ಪಿಸುಮಾತು. ಕೆಲವು ತಿಂಗಳ ನಂತರ ಕಾನಿಟಕರ ಆ ಹಾಡಿನ ಗ್ರಾಮೊಫೋನ್ ತಟ್ಟೆ ಮಾಡಿಸಿ ಕಳಿಸಿದಾಗ, ಅದನ್ನು ಆಕೆಗೆ ಕೇಳಿಸುವುದು ಕರುಣೆಯೋ ಕ್ರೌರ್ಯವೋ ಎಂದು ಎಷ್ಟೋ ದಿನ ನಾನು ತೊಳಲಾಡಿದೆ. ಕೊನೆಗೆ ಈರಪ್ಪನೇ ಆಕೆಯನ್ನು ಜಮಖಂಡಿಗೆ ಕರೆತಂದ. ಗ್ರಾಮೊಫೋನಿನ ಮುಂದೆ ಆಕೆ ಕಣ್ಣು ಮಿಟುಕಿಸದೆ ಕುಳಿತಳು. ನಾವಿಬ್ಬರೂ ಹಾಡು ಕೇಳಲಿಲ್ಲ. ಆಕೆಯ ಮುಖವನ್ನೇ ನೋಡುತ್ತಿದ್ದೆವು. ಹಾಡು ಮುಗಿದು ಮುಳ್ಳು ಬರಿದೆ ಕೆರೆಯತೊಡಗಿದಾಗ ಆಕೆ ನನ್ನನ್ನು ಸನ್ನೆ ಮಾಡಿ ಕರೆದಳು. ಆಕೆಗೆ ಅಳು ಬಂದೀತೆಂದು ಅಂಜುತ್ತಲೇ ಬಾಗಿದೆ.

“ಎರಡನೇ ನುಡಿ ಅವಸರ ಆಗೇತ್ರಿ ಮಾಸ್ತರ,” ಎಂದು ಪಿಸುಗುಟ್ಟಿದಳು. “ಇವರು ಪೇಟಿ ಓಡಿಸ್ಯಾರ.”

ಹೇಳಿದ್ದನ್ನು ನಾನು ಈರಪ್ಪನಿಗೆ ಒಪ್ಪಿಸಿದೆ. ಅವನು ಕುಳಿತಲ್ಲಿಂದ ಎದ್ದೇಬಿಟ್ಟ. “ನಾ ಓಡಸೇನಿ? ಲೇ, ನೀ ಓಡಿದಿ, ನಾ ಬೆನ್ನ ಹತ್ತಿದೆ!”

ತುಂಗವ್ವ ನೆಲದ ಮೇಲೆ ಅಂಗೈ ತಟ್ಟಿ ಸರಿಯಾದ ಲಯ ತೋರಿಸಿದಳು. ಅವನು ತೊಡೆ ತಟ್ಟಿ ತನ್ನದನ್ನು ತೋರಿಸಿದ. ಇಬ್ಬರೂ ತೀರ್ಪಿಗಾಗಿ ನನ್ನತ್ತ ತಿರುಗಿದರು. ತೀರ್ಮಾನಿಸಲು ಬೇರೆ ದಾರಿಯಿರಲಿಲ್ಲ. ಮುಳ್ಳನ್ನೆತ್ತಿ ಮತ್ತೆ ಹಾಡಿನ ಮೊದಲಿಗೆ ಇಟ್ಟೆ.